ಮೀನಿಗೊಂದು ಮಣೆ, ಸೊಪ್ಪಿಗೊಂದು ಮಣೆ

ಮೊನ್ನೆ ಆಲೂರಿನಲ್ಲಿ ಕೆಲಸ ಮುಗಿಸಿಕೊಂಡು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತೆ. ಅನ್ನ, ಸಾರು, ಪಲ್ಯ, ಪಕ್ಕದಲ್ಲಿ ಸೌತೆಕಾಯಿ ಹೋಳು. ಹೋಳನ್ನು ಬಾಯಿಗೆ ಒಯ್ಯುವ ಮೊದಲೇ ಮೂಗಿಗೆ ಬಂಗುಡೆ ಮೀನಿನ ವಾಸನೆ ಬಡಿಯಿತು. ಸೌತೆಕಾಯಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಒಳಗೆ ಅಡಿಗೆಮನೆಯಲ್ಲಿತ್ತು. ಮೀನು ಕೊಯ್ದ ಮಣೆಯ ಮೇಲೇ ಸೌತೆಕಾಯಿ ಹೆಚ್ಚಿದ್ದರು. ನಾನು ಹೋಳುಗಳನ್ನು ತಟ್ಟೆಯ ಅಂಚಿಗೆ ಸರಿಸಿ, ಮಿಕ್ಕದ್ದನ್ನು ಉಂಡು ಎದ್ದೆ. ಕೆಲವು ವರ್ಷಗಳ ಹಿಂದಾಗಿದ್ದರೆ ಅದೇ ಹೋಳುಗಳಿಗೆ ಉಪ್ಪು ಸವರಿ ತಿಂದು, ಇನ್ನೆರಡು ಹಾಕಿ ಎನ್ನುತ್ತಿದ್ದೆ. ತರಕಾರಿ ಹೆಚ್ಚುವ ಮಣೆಯ ಬಗ್ಗೆ ಮನುಷ್ಯ ಯೋಚನೆ ಮಾಡಬೇಕಾಗುತ್ತದೆ ಎಂಬುದೇ ಆಗ ನನಗೆ ಗೊತ್ತಿರಲಿಲ್ಲ.

ನಮ್ಮದು ಹಾನುಬಾಳಿನ ಹತ್ತಿರ ಸಣ್ಣ ಕಾಫಿ ತೋಟ. ತೋಟದಲ್ಲಿ ಯಾವ ಗಿಡ ಬಾಡಿದೆ ಎಂದು ದೂರದಿಂದಲೇ ಹೇಳುತ್ತಿದ್ದೆ. ಅಡಿಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಎಂದರೆ ಗೊತ್ತಿಲ್ಲ. ನನ್ನ ಅವ್ವನ ಕಾಲದಲ್ಲಿ ಮಣೆಯ ಪ್ರಶ್ನೆಯೇ ಇರಲಿಲ್ಲ. ಅವ್ವ ನೆಲದ ಮೇಲೆ ಕೂತು ಈಳಿಗೆಯಲ್ಲಿ ಹೆಚ್ಚುತ್ತಿದ್ದಳು, ಹೋಳು ಸೀದಾ ನೀರಿನ ಪಾತ್ರೆಗೆ ಬೀಳುತ್ತಿತ್ತು. ಮಾಂಸವೆಲ್ಲ ಹಿತ್ತಲಲ್ಲಿ, ಮರದ ಕೊರಡಿನ ಮೇಲೆ, ಗಂಡಸರ ಕೈಯಲ್ಲಿ. ಹೆಂಡತಿ ಸರೋಜಳಿಗೆ ಸೊಂಟ ನೋವು ಶುರುವಾದ ಮೇಲೆ ಕೂತು ಮಾಡುವ ಅಡಿಗೆ ನಿಂತು ಮಾಡುವ ಅಡಿಗೆಯಾಯಿತು, ಕಲ್ಲಿನ ಕಟ್ಟೆ ಬಂತು, ಈಳಿಗೆ ಅಟ್ಟಕ್ಕೆ ಹೋಯಿತು. ಅವಳ ತವರಿನಿಂದ ಒಂದು ಹಲಸಿನ ಮರದ ಮಣೆ ಬಂತು. ಕೋಳಿ, ಹಂದಿ, ಮೀನು, ಸೊಪ್ಪು, ಮಾವಿನಹಣ್ಣು ಎಲ್ಲಕ್ಕೂ ಅದೊಂದೇ. ತೊಳೆದು ಗೋಡೆಗೆ ಒರಗಿಸುತ್ತಿದ್ದಳು. ಯಾರಿಗೂ ಏನೂ ಆಗಿರಲಿಲ್ಲ. ಆದದ್ದು ಬೇರೆ ಕಡೆಯಿಂದ. ಸರೋಜಳ ಎದೆಯಲ್ಲಿ ಗಂಟು ಸಿಕ್ಕಿತು.

ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಮೇಲೆ ಕೀಮೋ ಎಂದರು. ಮೊದಲ ಸಲ ಔಷಧಿ ಹತ್ತಿಸುವ ಮುಂಚೆ ಡಯೆಟ್ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಈ ಔಷಧಿಯಿಂದ ಮೈಯ ಬಿಳಿ ರಕ್ತಕಣ ಕಡಿಮೆಯಾಗುತ್ತದೆ, ನಿಮಗೆ ನನಗೆ ಏನೂ ಮಾಡದ ಕ್ರಿಮಿ ಇವರನ್ನು ಮಲಗಿಸಿಬಿಡಬಹುದು ಎಂದರು. ಕುದಿಸಿದ ನೀರು, ಚೆನ್ನಾಗಿ ಬೆಂದ ಊಟ, ಸಿಪ್ಪೆ ತೆಗೆದ ಹಣ್ಣು. ಕೊನೆಗೆ, ಹಸಿ ಮೀನು ಮಾಂಸಕ್ಕೆ ಬೇರೆ ಮಣೆ, ಬೇರೆ ಚಾಕು ಇರಲಿ ಎಂದರು. ಸರೋಜ ತಲೆಯಾಡಿಸುತ್ತಿದ್ದಳು. ನಾನು ಮಾತ್ರ ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗಂಟಿಗೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಮಣೆ ನನ್ನ ಕೈಯಲ್ಲಿತ್ತು.

ಮಗಳು ಬಂದು ಕೆಲವು ದಿನ ಇದ್ದಳು. ಆದರೆ ಕೆ. ಹೊಸಕೋಟೆಯಲ್ಲಿ ಅವಳದೇ ಸಂಸಾರ, ಕಂಕುಳಲ್ಲಿ ಕೂಸು. ಅವಳನ್ನು ಬಸ್ಸು ಹತ್ತಿಸಿ ಬಂದು ನಾನೇ ಅಡಿಗೆಮನೆಗೆ ನುಗ್ಗಿದೆ. ಮೊದಲ ಕೆಲಸ ಹಳೆಯ ಮಣೆಯ ತಪಾಸಣೆ. ನಡುವೆ ಉದ್ದಕ್ಕೆ ಒಂದು ಬಿರುಕು. ಸೂಜಿ ಹಾಕಿ ಕೆದಕಿದರೆ ಕರಿ ಮಣ್ಣಿನಂಥದ್ದು ಬಂತು. ಉಪ್ಪು ನಿಂಬೆಹಣ್ಣು ಹಾಕಿ ಉಜ್ಜಿದೆ, ಬಿಸಿನೀರು ಸುರಿದೆ, ಬಿಸಿಲಿಗಿಟ್ಟೆ. ಬಿರುಕು ಇನ್ನಷ್ಟು ಬಾಯಿ ತೆರೆಯಿತು. ತವರಿನ ಮಣೆ, ಬಿಸಾಕಿದರೆ ಈ ಹೊತ್ತಿನಲ್ಲಿ ಅವಳ ಮನಸ್ಸಿಗೆ ನೋವಾಗುತ್ತದೆ ಎಂದು ಉಗ್ರಾಣದಲ್ಲಿ ಗೋಣಿಚೀಲದ ಹಿಂದೆ ಬಚ್ಚಿಟ್ಟೆ. ಅವಳು ಅದೇ ಸಂಜೆ ಕಂಡುಹಿಡಿದಳು.

"ಬಚ್ಚಲೊಲೆಗೆ ಹಾಕ್ರಿ ಅದನ್ನ. ಬಿರುಕು ಬಿಟ್ಟಿರೋ ಮಣೆ ಇಟ್ಕೊಂಡು ಪೂಜೆ ಮಾಡ್ತೀರಾ?" ಎಂದಳು. ಅದೇ ಮಣೆಯಿಂದ ಮಾರನೆಯ ದಿನ ಸ್ನಾನಕ್ಕೆ ನೀರು ಕಾದಿತ್ತು. ಬೇಜಾರಾದದ್ದು ನನಗೇ.

ಸಕಲೇಶಪುರದಲ್ಲಿ ಇಬ್ರಾಹಿಂ ಎಂಬ ನನ್ನ ಹಳೆಯ ಸ್ನೇಹಿತನದು ಪಾತ್ರೆ ಅಂಗಡಿ. ಸ್ಕೂಲಿನಲ್ಲಿ ಒಂದೇ ಬೆಂಚು. ಗಾಜಿನ ಮಣೆ ಹೊಸದಾಗಿ ಬಂದಿದೆ, ನೀರು ಹೀರುವುದಿಲ್ಲ, ಕಲೆ ಹಿಡಿಯುವುದಿಲ್ಲ ಎಂದು ತೋರಿಸಿದ. ಕೊಂಡೆ. ಅದರ ಮೇಲೆ ಚಾಕು ಇಟ್ಟರೆ ಕಿವಿ ಜುಮ್ಮೆನ್ನುವ ಸದ್ದು. ಟೊಮೇಟೊ ಜಾರಿ ನೆಲಕ್ಕೆ ಹೋಗುತ್ತಿತ್ತು. ಒಂದು ವಾರದಲ್ಲಿ ಚಾಕು ಬೆಣ್ಣೆ ಸವರುವುದಕ್ಕೆ ಮಾತ್ರ ಲಾಯಕ್ಕಾಯಿತು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಸರೋಜ, ಮೊದಲೇ ವಾಕರಿಕೆ, ಇದೊಂದು ಸದ್ದು ಬೇರೆ ಎಂದು ತಲೆದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದಳು. ಸ್ಟೀಲಿನದಕ್ಕೆ ಬದಲಾಯಿಸಿದೆ. ಅದೇ ಸದ್ದು, ಸ್ವಲ್ಪ ದಪ್ಪ ದನಿ. ಆಮೇಲೆ ಬಿದಿರಿನ ಮಣೆ. ನೋಡಲು ಬಹಳ ಚಂದ, ಪಟ್ಟಿ ಪಟ್ಟಿ ಸೇರಿಸಿ ಅಂಟಿಸಿದ್ದರು. ಮಳೆಗಾಲ ಹಿಡಿದು ಎಂಟು ದಿನಕ್ಕೆ ತಿರುಗಿಸಿ ನೋಡಿದರೆ ಆ ಅಂಟಿನ ಗೆರೆಯುದ್ದಕ್ಕೂ ಬೂದು ಬಣ್ಣದ ಬೂಸ್ಟು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೇ ಬೂಸ್ಟು ಬರುತ್ತದೆ, ಮಣೆ ಯಾವ ಲೆಕ್ಕ. ನಮ್ಮ ತೋಟದ್ದೇ ಮರ ಎಂಬ ಹೆಮ್ಮೆಯಲ್ಲಿ ಬಡಗಿಯಿಂದ ಸಿಲ್ವರ್ ಓಕಿನದೊಂದು ಮಾಡಿಸಿದೆ. ಮೆದು ಮರ. ಚಾಕು ತಾಗಿದಲ್ಲೆಲ್ಲ ನಾರು ಎದ್ದು ಹುರುಳಿಕಾಯಿ ಪಲ್ಯದಲ್ಲಿ ಸಿಕ್ಕಿತು. ತೆಳು ಪ್ಲಾಸ್ಟಿಕ್ಕಿನದು ತಂದು, ಶುದ್ಧವಾಗಲಿ ಎಂದು ಕುದಿಯುವ ನೀರು ಸುರಿದೆ. ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಮುದುರಿತು.

"ಹೆಣ್ಣು ನೋಡೋಕೂ ನೀನು ಇಷ್ಟು ಓಡಾಡಿರಲಿಲ್ಲ ಮಾರಾಯ," ಎಂದ ಇಬ್ರಾಹಿಂ. ಆದರೆ ಮುದುರಿದ ಮಣೆಗೆ ಬೇರೆ ಕೊಡುವುದಿಲ್ಲ ಎಂದು ಒಂದು ದಿನವೂ ಅನ್ನಲಿಲ್ಲ.

ಇಷ್ಟರಲ್ಲಿ ಮುಖ್ಯವಾದದ್ದನ್ನು ನಾನು ಗಮನಿಸಿರಲಿಲ್ಲ. ಸರಿಯಾದ ಮಣೆ ಸಿಗುವ ತನಕ ಬೇಡ ಎಂದು ಮನೆಯಲ್ಲಿ ಮೀನು, ಕೋಳಿ ನಿಲ್ಲಿಸಿಬಿಟ್ಟಿದ್ದೆ. ಗಂಜಿ, ಬೇಳೆಕಟ್ಟು, ಬೆಂದ ಕ್ಯಾರೆಟ್. ಸರೋಜ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದಳು. ಬಳೆಗಳು ಮೊಣಕೈ ತನಕ ಜಾರತೊಡಗಿದ್ದವು. ಹಾಸನದಲ್ಲಿ ತೂಕ ನೋಡಿದ ಡಾಕ್ಟರು, ಹೀಗೇ ಇಳಿದರೆ ಮುಂದಿನ ಕೀಮೋ ತಡವಾಗುತ್ತದೆ, ಮೊಟ್ಟೆ ಮೀನು ಕೊಡುತ್ತಿಲ್ಲವೇ ಎಂದು ಕೇಳಿದರು. ನಾನು ಮಣೆಯ ಕಥೆ ಹೇಳಲು ಬಾಯಿ ತೆರೆದೆ. ಹಿಂದೆ ಕಾಯುತ್ತಿದ್ದವರ ಸಾಲು ನೋಡಿ ಮುಚ್ಚಿದೆ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿಕೊಂಡೇ ಮಾತಾಡಿದಳು. "ಬಾಯಲ್ಲಿ ರುಚಿನೇ ಇಲ್ಲ. ಹುಳಿಯಾಗಿ ಒಂದು ಮೀನ್ ಸಾರು ಸಿಕ್ಕಿದ್ರೆ ಅನ್ನ ಒಳಗೆ ಹೋಗ್ತಿತ್ತು. ಕಾಯಿಲೆಯಿಂದ ಕಾಪಾಡ್ತೀನಿ ಅಂತ ನನ್ನ ಹಸಿವಲ್ಲೇ ಮುಗಿಸ್ಬುಡ್ತೀರ ಕಣ್ರೀ."

ಕೋಪವೇನೂ ಇರಲಿಲ್ಲ ಅವಳ ದನಿಯಲ್ಲಿ. ಸಕಲೇಶಪುರದಲ್ಲಿ ಇಳಿದು ಅವಳನ್ನು ಇಬ್ರಾಹಿಂನ ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಇದ್ದದ್ದರಲ್ಲಿ ದಪ್ಪಗಿದ್ದ ಬಿಳಿ ಪ್ಲಾಸ್ಟಿಕ್ ಮಣೆ ಆರಿಸಿದೆ. ಮೀನಿಗೆ ಮಾಂಸಕ್ಕೆ ಇದು. ಗೀರು ಬಿದ್ದರೆ ಎಷ್ಟು ತೊಳೆದರೂ ಒಳಗಿನದು ಹೋಗುವುದಿಲ್ಲ, ಆದ್ದರಿಂದ ಗೀರು ಹೆಚ್ಚಾದ ದಿನ ಮುಲಾಜಿಲ್ಲದೆ ಬಿಸಾಕಬೇಕು. ಸೊಪ್ಪು ತರಕಾರಿಗೆ ಬೇರೆ ಬೇಕಲ್ಲ; ಹಲಸಿನ ಮರದ್ದೇ ಒಂದು, ಅಂಟಿಸಿದ್ದಲ್ಲ, ಒಂದೇ ಹಲಗೆಯದು, ಗಟ್ಟಿ ಮರ. ನೀರಲ್ಲಿ ನೆನೆಹಾಕಬಾರದು, ಸೋಪು ಹಾಕಿ ತೊಳೆದು, ಒರೆಸಿ, ಗಾಳಿಯಾಡುವ ಹಾಗೆ ನಿಲ್ಲಿಸಬೇಕು. ಆಗಾಗ ಕೊಬ್ಬರಿ ಎಣ್ಣೆ. ಇಷ್ಟು ಸರಳವಾದದ್ದಕ್ಕೆ ಇಷ್ಟು ದಿನ ಯಾಕೆ ಬೇಕಾಯಿತೋ! ಬಹುಶಃ ನಾನು ಹುಡುಕುತ್ತಿದ್ದದ್ದು ಯಾವ ಅಪಾಯವನ್ನೂ ಒಳಗೆ ಬಿಡದ ಮಣೆ. ಅಂಥದ್ದನ್ನು ಯಾರೂ ಮಾರುವುದಿಲ್ಲ.

ಮಂಗಳೂರಿನ ಮೀನು ಬಂದ ದಿನ ಸರೋಜ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ತಲೆಗೆ ಟವೆಲ್ಲು ಸುತ್ತಿ ಕೂತಳು. ಬಂಗುಡೆಯನ್ನು ಹಿತ್ತಲ ಕಲ್ಲಿನ ಮೇಲೆ, ಬಿಳಿ ಮಣೆಯಲ್ಲಿ ಕೊಯ್ದೆ. ಮಣೆ, ಚಾಕು, ಕೈ ಎಲ್ಲ ಬಿಸಿನೀರು ಸೋಪಿನಲ್ಲಿ ತೊಳೆದು ಒಳಗೆ ಬಂದು ಮರದ ಮಣೆಯ ಮೇಲೆ ಈರುಳ್ಳಿ ಇಟ್ಟೆ. ಹುಳಿ ಎಷ್ಟು, ಖಾರ ಎಷ್ಟು, ಎಲ್ಲ ಅವಳು ಹೇಳಿದಂತೆ. ಸಾರು ಬೆಂದು, ಇನ್ನೂ ಬೇಯಲಿ ಎಂದು ನಾನು ಬೇಯಿಸಿ, ಮೀನು ಪುಡಿಯಾಗುವ ಹೊತ್ತಿಗೆ ಅವಳು ಸಾಕು ಎಂದಳು. ಉಪ್ಪು ಕಮ್ಮಿ ಐತೆ ಎಂದಳು. ತಟ್ಟೆಯಲ್ಲಿ ಒಂದಗುಳು ಬಿಡಲಿಲ್ಲ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅದಾದ ಮುಂದಿನ ಕೀಮೋ ಮುಗಿಸಿ ಬಂದ ಮೇಲೆ ಅವಳಿಗೆ ಜ್ವರ ಬಂತು, ನಡುಕ ಬಂತು, ಜೀಪು ಮಾಡಿಕೊಂಡು ಹಾಸನಕ್ಕೆ ಓಡಿದೆವು. ಅಡ್ಮಿಟ್ ಮಾಡಿಕೊಂಡರು. ಕೈಗೆ ಡ್ರಿಪ್. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಎರಡು ದಿನದ ಹಿಂದಿನ ಸಾರನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಮಾಡುತ್ತಿದ್ದೆ. ಚಾಕು ತೊಳೆದೆನೇ? ನಲ್ಲಿಯನ್ನು ಮೀನಿನ ಕೈಯಲ್ಲೇ ತಿರುಗಿಸಿದೆನೇ? ಡಾಕ್ಟರು ಬಂದಾಗ ಕೇಳಿಯೇಬಿಟ್ಟೆ. ಎಷ್ಟು ಜಾಗ್ರತೆ ಮಾಡಿದರೂ ಜ್ವರ ಬರುವುದುಂಟು, ನಮ್ಮ ಮೈಯಲ್ಲೇ ಇರುವ ಕ್ರಿಮಿಯಿಂದಲೂ ಬರುತ್ತದೆ, ಇದು ಎಲ್ಲಿಂದ ಬಂತೆಂದು ಹೇಳಲಾಗುವುದಿಲ್ಲ, ನೀವು ಮಾಡುತ್ತಿರುವುದನ್ನು ಬಿಡಬೇಡಿ ಎಂದರು. ನನಗೆ ಸಮಾಧಾನವಾಗಲಿಲ್ಲ.

ಜ್ವರ ಇಳಿದ ಬೆಳಿಗ್ಗೆ ಸರೋಜ ಕಣ್ಣು ಬಿಟ್ಟು ನನ್ನ ಮುಖ ನೋಡಿದಳು.

"ಮಣೆ ಯೋಚನೆ ಮಾಡ್ತಾ ಕೂತಿದೀರಾ?" ಎಂದಳು. ಡ್ರಿಪ್ಪಿನ ಕೈಯನ್ನು ದಿಂಬಿನ ಮೇಲೆ ಸರಿಸಿಕೊಂಡು, "ಮನೆಗೆ ಹೋದ್ಮೇಲೆ ಇನ್ನೊಂದು ಸಲ ಮೀನ್ ಸಾರು ಮಾಡಿ. ಹೆದ್ರಿಕೊಂಡು ಬಿಟ್ಬುಡಬೇಡಿ," ಎಂದಳು.

ಮಾಡಿದೆ. ಉಳಿದ ಕೀಮೋಗಳು ಮುಗಿಯುವ ತನಕ ಮಾಡಿದೆ. ಮತ್ತೆ ಜ್ವರ ಬರಲಿಲ್ಲ. ಅದು ಮಣೆಯ ದೆಸೆಯಿಂದ ಎಂದು ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ.

ಈಗ ಸರೋಜಳ ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಕೆಲವು ತಿಂಗಳಿಗೊಮ್ಮೆ ಹಾಸನಕ್ಕೆ ಹೋಗಿ ತೋರಿಸಿಕೊಂಡು ಬರುತ್ತೇವೆ. ಒಲೆ ಮತ್ತೆ ಅವಳ ಕೈಗೆ ಹೋಗಿದೆ. ಹೆಚ್ಚುವುದು ಮಾತ್ರ ನನ್ನಲ್ಲೇ ಉಳಿದಿದೆ. ಬಿಳಿ ಮಣೆ ಎಷ್ಟು ಸಲ ಬದಲಾಯಿತೋ ನೆನಪಿಲ್ಲ.

ಹೋದ ಭಾನುವಾರ ಅವಳ ತಮ್ಮ ಬಿಸಿಲೆಯಿಂದ ಬಂದಿದ್ದ. ಅಡಿಗೆಮನೆಗೆ ಇಣುಕಿ, ಅಕ್ಕ ಹುಷಾರಾದ್ರಲ್ಲ ಭಾವ, ಇನ್ನೂ ನಿಮ್ಮ ಕೆಲಸ ಬಿಟ್ಟಿಲ್ವಾ ಎಂದು ನಕ್ಕ. ನಾನೇನಾದರೂ ಹೇಳುವ ಮೊದಲೇ ಒಲೆಯ ಕಡೆಯಿಂದ ಸರೋಜ ಉತ್ತರ ಕೊಟ್ಟಳು, ತಿರುಗಿಯೂ ನೋಡದೆ.

"ನಾನೇ ಬಿಡಿಸಿಲ್ಲ ಕಣೋ. ಮದ್ವೆ ಆದಾಗಿಂದ ಇಲ್ಲಿ ಒಬ್ಳೇ ನಿಂತಿದ್ದೆ. ಈಗ ಮಾತಾಡೋಕೆ ಒಬ್ಬರು ಅವ್ರೆ."

ನಾನು ತಲೆಯೆತ್ತಲಿಲ್ಲ. ಮಣೆಯ ಮೇಲಿದ್ದದ್ದು ಹುರುಳಿಕಾಯಿ. ಈರುಳ್ಳಿಯಾಗಿದ್ದರೆ ಕಣ್ಣಿಗೊಂದು ನೆಪವಾದರೂ ಇರುತ್ತಿತ್ತು.