ಲೂರ್ದಮ್ಮ ಸಂಜೆಗೆ ಎತ್ತುತ್ತಿದ್ದ ಹೆಸರುಗಳು

ನಿಜಾಮರ ಕಾಲದಲ್ಲಿ ಮಸ್ಕಿಗೆ ಸೂಲಗಿತ್ತಿ ಎಂದರೆ ಮುದಗಲ್ಲಿನಿಂದ ಸೊಸೆಯಾಗಿ ಬಂದ ಲೂರ್ದಮ್ಮ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಜೋರು ಬಿಡಿ! ಊರು ‘ಕುಂಟನ ಹೆಂಡತಿ’, ‘ಗೊರೇಬಾಳದಾಕಿ’ ಎಂದು ಕರೆದವರನ್ನು ಈಕೆ ಹೆಸರು ಹಿಡಿದೇ ಕರೆಯುವಳು. ಸಂಜೆ ದೀಪ ಹಚ್ಚಿ, ಜಪಸರ ಹಿಡಿದು, ತನ್ನ ಕೈಯಲ್ಲಿ ಹುಟ್ಟಿದವರನ್ನೆಲ್ಲ ಮಣಿಗೊಬ್ಬರಂತೆ ಗಟ್ಟಿಯಾಗಿ ನೆನೆಯುವಳು. ಬದುಕಿದವರು, ಸತ್ತವರು ಎಂಬ ಭೇದವಿಲ್ಲ.

“ಯೇಸುಸ್ವಾಮಿ ನನ್ನ ಹೆಸರು ಮರೆತಿಲ್ಲ. ನಾ ಮಂದಿ ಹೆಸರು ಮರೆತ್ರ ಹೆಂಗ? ಕೊಡಾಕ ನನ್ನ ಕಡೆ ಮತ್ತೇನೈತಿ?” ಎನ್ನುವಳು.

ಪಕ್ಕದ ಮನೆಯ ಯಂಕಮ್ಮನ ಚೊಚ್ಚಲ ಮಗಳು ಪಾರ್ವತೆಮ್ಮ ಸಿಡುಬಿನಲ್ಲಿ ಹೋದಳು. ಎರಡನೆಯವಳು ಹುಟ್ಟಿದಾಗ ಅತ್ತೆ ಅಮರಮ್ಮ, ಸಾವಿನ ಕಣ್ಣು ಬೀಳದಿರಲೆಂದು ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪವ್ವ ಎಂದು ಹೆಸರಿಟ್ಟಳು. ಸತ್ತವಳ ಹೆಸರೆತ್ತಿದರೆ ಬಂದು ತಂಗಿಯನ್ನೂ ಕರೆದೊಯ್ಯುತ್ತಾಳೆಂದು ಆ ಮನೆಯಲ್ಲಿ ಪಾರ್ವತೆಮ್ಮನ ಹೆಸರೇ ನಿಂತುಹೋಯಿತು. ಹೆತ್ತ ಕರುಳು ಕೇಳಬೇಕಲ್ಲ! ಯಂಕಮ್ಮ ದಿನಾ ಸಂಜೆ ಖಾಲಿ ಕೊಡ ಹಿಡಿದು ಹಿತ್ತಲ ಗೋಡೆಗೆ ಒರಗಿ ನಿಲ್ಲುವಳು. ಆಚೆಯಿಂದ ಮಗಳ ಹೆಸರು ಕೇಳಿಸಿದ ಮೇಲೆಯೇ ನೀರಿಗೆ ಹೋಗುವಳು.

ಒಂದು ಸಂಜೆ ಆ ಹೆಸರು ಅಮರಮ್ಮನ ಕಿವಿಗೂ ಬಿತ್ತು. ಸೆರಗು ಸಿಕ್ಕಿಸಿ, ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಲೂರ್ದಮ್ಮನ ಮನೆಗೆ ನುಗ್ಗಿದಳು. ಹಿಂದೆ ಅಳುತ್ತ ಯಂಕಮ್ಮ.

“ಲೂರ್ದವ್ವಾ, ನಿನ್ನ ಬಾಯಿಗೆ ಮಣ್ಣ ಹಾಕ! ಈ ಕೂಸನ್ನೂ ಕಳಸಬೇಕಂತ ಮಾಡಿಯೇನಬೇ?”

ಲೂರ್ದಮ್ಮನಿಗೆ ಹೆದರಿಕೆಯಾಯಿತು. ಕೂಸಿಗೆ ಏನಾದರೂ ಆದರೆ ಊರೆಲ್ಲ ತನ್ನನ್ನೇ ಶಪಿಸುತ್ತದೆ, ಮುಂದೆ ಯಾರೂ ಹೆರಿಗೆಗೆ ಕರೆಯುವುದಿಲ್ಲ.

“ಗಟ್ಟಿಗೆ ಹೇಳಂಗಿಲ್ಲ, ಅಮರವ್ವ. ಆದರ ಬಿಡಂಗಿಲ್ಲ. ನಾನೂ ಬಿಟ್ರ ಆ ಹುಡುಗಿಗೆ ಯಾರದಾರ?”

ಅಮರಮ್ಮ ಬಿರಬಿರನೆ ತಿರುಗಿದವಳು ಹೊಸ್ತಿಲಲ್ಲಿ ನಿಂತುಬಿಟ್ಟಳು.

“ನಂದೂ ಒಂದು ಹೋಗೈತಿ, ನೀ ಈ ಊರಿಗೆ ಬರೂಕಿಂತ ಮೊದಲ. ಗ್ಯಾನಪ್ಪ ಅಂತ. ಇದರಪ್ಪಗ ಅಣ್ಣ ಆಗಬೇಕಿತ್ತು. ಅವನ ಹೆಸರು ಬಾಯಾಗ ತರಾಕ ನಮ್ಮತ್ತಿ ಬಿಡಲಿಲ್ಲ. ಅವನ್ನೂ ಸೇರಸಬೇ. ಮೆಲ್ಲಕ ಹೇಳು.”

ಲೂರ್ದಮ್ಮ ಮೆಲ್ಲಗೆ ಶುರುಮಾಡಿದಳು. ಹೊಸ್ತಿಲಿಗೆ ಏನೂ ಕೇಳಿಸಲಿಲ್ಲ. ಅತ್ತೆ ಸೊಸೆ ಇಬ್ಬರೂ ಒಳಗೆ ಬಂದು ಅವಳ ಮಗ್ಗುಲಿಗೇ ಕೂತರು. ಅಮರಮ್ಮ ತಿಪ್ಪವ್ವನ ಎರಡೂ ಕಿವಿ ಅಂಗೈಯಿಂದ ಮುಚ್ಚಿ, ತನ್ನ ಮಗನ ಹೆಸರು ಬರುವುದನ್ನೇ ಕಾದಳು.