ಅತ್ತಿ-ಸೊಸಿ ಅದಲುಬದಲಾದ ಸಿನಿಮಾ

ಗೆಳೆಯಾರ, ನಮ್ಮವ್ವ, ನನ್ನ ಹೇಣ್ತಿ ಹದಿನೈದು ದಿನದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ನಕ್ಕರ ಸರಿಹೋದೀತು ಅಂತ ಇವತ್ತ ಮಧ್ಯಾಹ್ನ ಇಬ್ಬರನ್ನೂ ನಮ್ಮೂರ ತಿಕೋಂಡಿಯಿಂದ ಜತ್ತ ಪ್ಯಾಟಿ ಟಾಕೀಜಿಗೆ ಕರಕೊಂಡು ಹೋದೆ. ಅತ್ತಿ ಜೀವ ಸೊಸಿ ಮೈಯಾಗ, ಸೊಸಿ ಜೀವ ಅತ್ತಿ ಮೈಯಾಗ ಹೋಗೋ ನಗಿ ಸಿನಿಮಾ. ಅರ್ಧ ಮುಗಿದರೂ ಟಾಕೀಜಿನ್ಯಾಗ ಯಾರೂ ನಗಲಿಲ್ಲ.

"ಸೊಸಿ ಆದ ಮ್ಯಾಲೂ ಈಕಿ ಒಂದ ಕೊಡ ನೀರ ತರಲಿಲ್ಲಲ್ಲೋ," ಅಂದಳು ಅವ್ವ ನನಗ, ಪರದೆ ಮ್ಯಾಲಿನ ಅತ್ತಿನ್ನ ತೋರಿಸಿ.

ನನ್ನ ಹೇಣ್ತಿ ಅವ್ವನ ಕಡೆ ಬಗ್ಗಿದಳು. "ಹೌದ್ರಿ ಅತ್ತಿ, ಬರೇ ಕುಣ್ಯಾಕತ್ತಾಳ. ಏಳ್ರಿ, ಮನಿಗೆ ಹೋಗೂನು."

ಇಬ್ಬರೂ ಕೂಡಿ ಎದ್ದು ಹೋದರು. ಟಿಕೀಟ ತಗದೀನಂತ ನಾ ಕಡೀತನಕ ಕುಂತೆ.

ಮನಿಗೆ ಬಂದಾಗ ಇಬ್ಬರೂ ಒಲಿ ಮುಂದ ಮಾತಾಡಕೋತ ಕುಂತಿದ್ದರು. "ಪೂರಾ ನೋಡಿ ಬಂದ್ಯೇನೋ?" ಅಂದಳು ಅವ್ವ.

"ಹೂಂ," ಅಂದೆ.

ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕರು.