ಯಾರ ಬಿಲ್ಡಿಂಗ್ ಎಂದು ಕೇಳಿದವನು ನಾನೇ

ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮರುವರ್ಷ. ಆಗ ನಾನು ಸರ್ಕಾರಿ ಬಸ್ ಸಂಸ್ಥೆಯಲ್ಲಿ ವೈಟ್‌ಫೀಲ್ಡ್ ಕಡೆಯ ಸಂಚಾರ ಅಧಿಕಾರಿ. ಯಾವ ಬಸ್ಸು ಯಾವ ರಸ್ತೆಯಲ್ಲಿ ಯಾವ ಹೊತ್ತಿಗೆ ಓಡಬೇಕೆಂದು ಗೊತ್ತುಪಡಿಸುವುದು ನನ್ನ ಕೆಲಸ. ನಿವೃತ್ತಿ ಹತ್ತಿರದಲ್ಲಿತ್ತು. ಹೋಗುವ ಮುನ್ನ ಜನ ನೆನೆಯುವಂಥ ಒಂದು ರೂಟ್ ಮಾಡಿ ಹೋಗಬೇಕೆಂಬ ಆಸೆ ಇತ್ತು. ಆ ರೂಟ್ ಆಯಿತು, ಈಗಲೂ ಓಡುತ್ತಿದೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳಲು ಮಾತ್ರ ನನ್ನಿಂದ ಆಗುತ್ತಿಲ್ಲ.

ಆ ವರ್ಷ ಸರ್ಕಾರ ಹೊಸ ಬಸ್ಸುಗಳಿಗೆ ಹಣ ಕೊಟ್ಟಿತ್ತು. ಅದು ಸರಿಯೋ ತಪ್ಪೋ ಎಂಬ ಜಗಳ ವಿಧಾನಸೌಧದಿಂದ ಶುರುವಾಗಿ ನಮ್ಮ ಡಿಪೋ ಗೇಟಿನ ಟೀ ಅಂಗಡಿಯವರೆಗೂ ಬಂದಿತ್ತು. ನಮ್ಮ ಭಾಗದಲ್ಲಿ ಇಬ್ಬರು ಮುಖಂಡರು. ಆಳುವ ಪಕ್ಷದವರು ವರ್ತೂರಿನಿಂದ ಪಟ್ಟಂದೂರು ಅಗ್ರಹಾರದ ಒಳರಸ್ತೆಗಳ ಮೂಲಕ ಐಟಿ ಪಾರ್ಕಿಗೆ ಸಾಮಾನ್ಯ ಬಸ್ ಬೇಕೆನ್ನುತ್ತಿದ್ದರು. ವಿರೋಧ ಪಕ್ಷದವರು, ಅಲ್ಲಿ ಖಾಸಗಿ ವ್ಯಾನುಗಳು ಓಡುತ್ತಿವೆ, ಜನರ ತೆರಿಗೆಯಲ್ಲಿ ಖಾಲಿ ಬಸ್ ಯಾಕೆ ಓಡಿಸುತ್ತೀರಿ, ಅದೇ ಹಣದಲ್ಲಿ ರಸ್ತೆ ಅಗಲ ಮಾಡಿ ಎನ್ನುತ್ತಿದ್ದರು. ಎರಡೂ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನಾನು ನೌಕರ, ಬಾಯಿ ಬಿಡುವಂತಿರಲಿಲ್ಲ. ಮನಸ್ಸು ಮಾತ್ರ ಬಸ್ಸಿನ ಕಡೆಗಿತ್ತು.

ರಸ್ತೆ ನೋಡಲೆಂದು ಒಂದು ಬೆಳಿಗ್ಗೆ ಅಗ್ರಹಾರದ ತಿರುವಿನಲ್ಲಿ ನಿಂತಿದ್ದೆ. ಐಟಿ ಪಾರ್ಕಿನಲ್ಲಿ ನೆಲ ಒರೆಸುವ, ಅಡುಗೆಮನೆ ನೋಡಿಕೊಳ್ಳುವ ಹೆಂಗಸರು ವ್ಯಾನಿಗೆ ಕಾದಿದ್ದರು. ವ್ಯಾನು ಬಂತು, ತುಂಬಿದಷ್ಟು ತುಂಬಿಕೊಂಡು ಹೋಯಿತು. ಉಳಿದವರು ನಡೆಯತೊಡಗಿದರು. ಅವರಲ್ಲೊಬ್ಬರು ನನ್ನ ಇಲಾಖೆಯ ಜೀಪು ನೋಡಿ ನಿಂತರು. ಕೊಪ್ಪಳದ ಕಡೆಯವರು, ಹೆಸರು ರೇಣುಕಾ.

"ಸಾಹೇಬ್ರ, ಸರಕಾರ ಟಿಕೆಟ್ ಫ್ರೀ ಮಾಡೇತಿ. ಬಸ್ ಕೊಡೋದು ಮರ್ತೈತಿ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕಚೇರಿಯ ವರದಿಗಳಲ್ಲಿ ಪುಟಗಟ್ಟಲೆ ಬರೆದರೂ ಬಾರದ ಮಾತು ಅದು. ಜೊತೆಗೆ ನಡೆಯುತ್ತಾ ವಿಚಾರಿಸಿದೆ. ಗಂಡ ಕಟ್ಟಡದ ಕೆಲಸಕ್ಕೆ ಎಲ್ಲೆಲ್ಲೋ ಹೋಗುತ್ತಾರಂತೆ. ಮಗಳು ಹತ್ತನೇ ತರಗತಿ. ಬಾಡಿಗೆ ಕೋಣೆಗೆ ಕಿಟಕಿಯಿಲ್ಲ, ನೀರು ದಿನ ಬಿಟ್ಟು ದಿನ. ಆದರೂ ಬಿಡುವ ಹಾಗಿಲ್ಲ, ಸರ್ಕಾರಿ ಶಾಲೆ ಅದೇ ಬೀದಿಯ ಕೊನೆಗಿದೆ. ಮಗಳು ಪರೀಕ್ಷೆ ಮುಗಿಸುವವರೆಗೆ ಆ ಕೋಣೆ ಕೈಬಿಡಬಾರದು ಎನ್ನುವುದೊಂದೇ ಅವರ ಲೆಕ್ಕಾಚಾರವಾಗಿತ್ತು.

ಮುಂದಿನ ವಾರ ಆ ಶಾಲೆಯಲ್ಲೇ ಜನಸಂಪರ್ಕ ಸಭೆ ಇತ್ತು. ಈ ಮಾತನ್ನು ಅಲ್ಲಿ ಬಂದು ಹೇಳಿ ಎಂದು ರೇಣುಕಾ ಅವರನ್ನು ಕೇಳಿಕೊಂಡೆ. ಅವರು ತಲೆ ಅಲ್ಲಾಡಿಸಿದರು. ತಾವು ಬಾಡಿಗೆಯವರು, ಸಭೆಯಲ್ಲಿ ಮಾತಾಡುವುದು ಊರಿನವರು ಎಂದರು. ನಾನು ಬಿಡಲಿಲ್ಲ. "ಯಾಕಮ್ಮ ಹೆದರ್ತೀರಿ, ನಾನಿದ್ದೀನಲ್ಲ," ಎಂದುಬಿಟ್ಟೆ. ಕಚೇರಿಗೆ ಬಂದವರಿಗೆಲ್ಲ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತು. ಅವರು ಅದನ್ನು ನಿಜವೆಂದು ನಂಬಿದರು.

ಸಭೆಯ ದಿನ ಮುಖಂಡರಿಬ್ಬರೂ ಗಂಟಲು ಹರಿಯುವಷ್ಟು ವಾದಿಸಿದರು. ಒಬ್ಬರು ಬಡವರು ಎಂದರು, ಇನ್ನೊಬ್ಬರು ನಷ್ಟ ಎಂದರು. ಆಮೇಲೆ ಮೈಕು ರೇಣುಕಾ ಅವರ ಕೈಗೆ ಬಂತು. ಟಿಕೆಟ್ಟಿನ ಮಾತು ಹೇಳಿದ್ದೇ ಸಭೆಯೆಲ್ಲ ನಕ್ಕಿತು, ಜಿಲ್ಲೆಯ ಅಧಿಕಾರಿಗಳೂ ನಕ್ಕರು. ವಿರೋಧ ಪಕ್ಷದ ಮುಖಂಡರು, ವ್ಯಾನುಗಳು ಇವೆಯಲ್ಲಮ್ಮ ಎಂದು ಕೆಣಕಿದರು. ಧೈರ್ಯ ಬಂದಿತ್ತು, ರೇಣುಕಾ ವ್ಯಾನಿನ ಪಾಡನ್ನೂ ಹೇಳಿದರು. ಕುರಿಗಳ ಹಾಗೆ ತುಂಬುತ್ತಾರೆ, ಮಳೆ ಬಂದ ದಿನ ವ್ಯಾನಿನ ಚಾರ್ಜು ಏರಿಸುತ್ತಾರೆ, ಎದುರಾಡಿದವರನ್ನು ಮರುದಿನ ಹತ್ತಿಸುವುದಿಲ್ಲ. ಬಸ್ಸಿನ ಪರ ವಾದ ಗೆದ್ದದ್ದು ಆ ಗಳಿಗೆಯಲ್ಲೇ.

ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ನಮ್ಮ ಇಲಾಖೆಯಲ್ಲಿ ಹೆಸರು ವಿಳಾಸ ಇಲ್ಲದ ಮಾತು ಬೇಡಿಕೆ ಎನಿಸುವುದಿಲ್ಲ, ಸಭೆಯ ನಡಾವಳಿಯಲ್ಲಿ ದಾಖಲಾಗುವುದಿಲ್ಲ. ಈ ಬೇಡಿಕೆ ಯಾರೂ ಅಳಿಸಲಾಗದಂತೆ ದಾಖಲಾಗಬೇಕೆಂದು ನಾನೇ ಎದ್ದು ನಿಂತು, ಹೆಸರು ಮತ್ತು ವಿಳಾಸ ಹೇಳಿ ಎಂದೆ. ಆ ಒಳಬೀದಿಗಳಲ್ಲಿ ಬಾಡಿಗೆ ಕೋಣೆಗಳಿಗೆ ನಂಬರು ಇರುವುದಿಲ್ಲ. ವಿಳಾಸವೆಂದರೆ ಮಾಲೀಕರ ಹೆಸರು. ಅದು ನನಗೆ ಗೊತ್ತಿತ್ತು, ಆದ್ದರಿಂದಲೇ "ಯಾರ ಬಿಲ್ಡಿಂಗ್ ಅಮ್ಮ?" ಎಂದೂ ಕೇಳಿದೆ.

ರೇಣುಕಾ ನನ್ನ ಮುಖ ನೋಡಿದರು. ನಾನು ಹೇಳಿ ಹೇಳಿ ಎಂದು ತಲೆಯಾಡಿಸಿದೆ.

"ಮುನಿರಾಜಪ್ಪೋರ ಬಿಲ್ಡಿಂಗ್ರಿ," ಎಂದರು.

ಮುನಿರಾಜಪ್ಪ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ, ಈಗ ಆ ಹೊಲದಲ್ಲಿ ಸಾಲು ಸಾಲು ಬಾಡಿಗೆ ಕೋಣೆ. ಆ ವ್ಯಾನುಗಳು ಅವರ ಮಗನವು ಎಂಬುದು ಸಭೆಯಲ್ಲಿ ಗೊತ್ತಿಲ್ಲದವನು ನಾನೊಬ್ಬನೇ ಇರಬೇಕು.

ಬಸ್ ಮಂಜೂರಾಯಿತು. ಉದ್ಘಾಟನೆಗೆ ಮುಖಂಡರಿಬ್ಬರೂ ಬಂದು, ಬಸ್ ತಂದವರು ತಾವೇ ಎಂದು ಭಾಷಣ ಮಾಡಿದರು. ಬಸ್ ತಿರುಗಿಸಲು ಜಾಗ ಬೇಕಿತ್ತು. ಊರಿನವರ ಮುಂದೆ ಹೆಸರು ಉಳಿಸಿಕೊಳ್ಳಲೆಂದೋ ಏನೋ, ಅದಕ್ಕೆ ತಮ್ಮ ಖಾಲಿ ನಿವೇಶನ ಬಿಟ್ಟುಕೊಟ್ಟವರು ಮುನಿರಾಜಪ್ಪ. ಸಂಸ್ಥೆಯ ಪರವಾಗಿ ಅವರಿಗೆ ಶಾಲು ಹೊದಿಸುವ ಕೆಲಸ ನನ್ನ ಪಾಲಿಗೆ ಬಂತು, ಹೊದಿಸಿದೆ. ಆಮೇಲೆ ಗುಂಪಿನಲ್ಲಿ ರೇಣುಕಾ ಅವರನ್ನು ಹುಡುಕಿದೆ. ಮೊದಲ ಬಸ್ಸಿನ ಮೊದಲ ಸೀಟು ಅವರಿಗೇ ಎಂದುಕೊಂಡಿದ್ದೆ. ಅವರ ಜೊತೆಗಾತಿಯೊಬ್ಬಳು, ಸಭೆಯಾದ ತಿಂಗಳೊಳಗೆ ಅವರು ಖಾಲಿ ಮಾಡಿಕೊಂಡು ಹೋದರೆಂದೂ ಆ ಬೀದಿಯಲ್ಲಿ ಬೇರೆ ಯಾರೂ ಅವರಿಗೆ ಕೋಣೆ ಕೊಡಲಿಲ್ಲವೆಂದೂ ಹೇಳಿದಳು.

ಅವತ್ತೇ ಮುನಿರಾಜಪ್ಪನವರ ಮನೆಗೆ ಹೋದೆ. ಕೂರಿಸಿ ಕಾಫಿ ಕೊಟ್ಟರು. ರೇಣುಕಾ ಅವರ ವಿಷಯ ಎತ್ತಿದೆ. ಅವರೇನೂ ಸಿಟ್ಟಾಗಲಿಲ್ಲ.

"ನಮ್ ಮನೇಲೇ ಇದ್ಕೊಂಡು ನಾಕ್ ಜನದ್ ಮುಂದೆ ನಮ್ಮೆಸ್ರು ಏಳುದ್ರೆ ಎಂಗೆ ಸಾರ್? ನಮ್ಗೂ ಮರ್ವಾದೆ ಐತಲ್ವಾ."

ಹೆಸರು ಹೇಳಿಸಿದವನು ನಾನು ಎನ್ನಬೇಕಿತ್ತು. ಆ ಮಗು ಪರೀಕ್ಷೆ ಬರೆಯುವವರೆಗಾದರೂ ಕೋಣೆ ಕೊಡಿ ಎಂದು ಅಂಗಲಾಚಬೇಕಿತ್ತು. ಆ ನಿವೇಶನ ಅವರು ಹಿಂದಕ್ಕೆ ಪಡೆದರೆ ಬಸ್ ತಿರುಗಲು ಜಾಗವಿಲ್ಲ ಎಂಬ ಯೋಚನೆ ಬಂತು. ಕಾಫಿ ಕುಡಿದು ಎದ್ದೆ. ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಮರುವರ್ಷ ನನಗೆ ಚಂದಾಪುರದ ಕಡೆಗೆ ವರ್ಗವಾಯಿತು. ಕಾರ್ಖಾನೆ ಕೆಲಸಗಾರರ ಬೀದಿಗಳಿಗೆ ಬಸ್ ಬಿಡಬೇಕೇ ಬೇಡವೇ ಎಂದು ಅಲ್ಲೂ ಅದೇ ಜಗಳ, ಅದೇ ಬಗೆಯ ಸಭೆ. ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ನೀಲಿ ಏಪ್ರನ್ ತೊಟ್ಟ ಹೆಂಗಸರ ನಡುವೆ ರೇಣುಕಾ ನಿಂತಿದ್ದರು. ಸಾರ್ವಜನಿಕರು ಮಾತಾಡಬಹುದು ಎಂದಾಗ ನಾನು ಮುಂದೆ ಬಂದು, ಹೆಸರೂ ಬೇಡ ವಿಳಾಸವೂ ಬೇಡ, ಬಸ್ ಬೇಕಿದ್ದವರು ಕೈಯೆತ್ತಿದರೆ ಸಾಕು ಎಂದೆ. ಪಕ್ಕದ ಹುಡುಗಿ ಕೈಯೆತ್ತಲು ಹೋದಳು. ರೇಣುಕಾ ಆ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು. ಉಳಿದವರೂ ಕೈಯೆತ್ತಲಿಲ್ಲ.

ಸಭೆ ಮುಗಿದ ಮೇಲೆ ಓಡಿಹೋಗಿ ಮಾತಾಡಿಸಿದೆ. ಅವರ ಮುಖದಲ್ಲಿ ಕಹಿಯಿರಲಿಲ್ಲ. ಅಗ್ರಹಾರಕ್ಕೆ ಬಸ್ ಬಂತಂತೆ, ಚಲೋ ಆಯ್ತು ಎಂದರು. ಮಗಳ ವಿಷಯ ಕೇಳಿದೆ.

"ಊರಾಗ ಅವರಜ್ಜಿ ಹತ್ರ ಅದಾಳ್ರಿ. ಪರೀಕ್ಷಾ ಬರೀಲಿಲ್ಲ. ವರ್ಷದ ನಡುವ ಸಾಲಿ ಬದಲ ಮಾಡಾಕ ಆಗ್ಲಿಲ್ಲ."

ತಪ್ಪಾಯಿತಮ್ಮ ಎಂದೆ. ನೀವು ಬೇಕಂತ ಮಾಡಿದ್ದಲ್ಲ ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಇಲ್ಲಿ ಬಸ್ ಬೇಡವೇ ಎಂದು ಕೇಳಿದೆ.

"ಬೇಕ್ರಿ. ಆದ್ರ ನಾವು ಕೇಳಂಗಿಲ್ರಿ."

ನಡಾವಳಿ ಮರುದಿನ ನನ್ನ ಮೇಜಿಗೆ ಬಂತು. ಸಾರ್ವಜನಿಕರಿಂದ ಯಾವುದೇ ಬೇಡಿಕೆ ವ್ಯಕ್ತವಾಗಲಿಲ್ಲ ಎಂದಿತ್ತು. ಬೇಡಿಕೆ ಇದೆ, ಜನ ಹೆದರಿದ್ದಾರೆ ಎಂದು ಟಿಪ್ಪಣಿ ಬರೆದೆ. ಮೇಲಿನವರು ಅದಕ್ಕೆ ಆಧಾರ ಕೇಳಿದರು. ಹೆಸರು ಕೊಡಲು ಈ ಸಲ ನನಗೆ ಮನಸ್ಸಾಗಲಿಲ್ಲ, ಬಸ್ ಬೇರೆ ಕಡೆಗೆ ಹೋಯಿತು.

ಯಾರೂ ಕೇಳದ ಕಡೆ ಬಸ್ಸಿನ ಅಗತ್ಯವಿಲ್ಲ ಎಂದು ಸರ್ವಿಸಿನುದ್ದಕ್ಕೂ ನಂಬಿದ್ದೆ. ಯಾರೂ ಕೇಳದಿದ್ದರೆ, ಹಿಂದೆ ಕೇಳಿದವರಿಗೆ ಅಲ್ಲಿ ಏನಾಯಿತೆಂದು ಮೊದಲು ವಿಚಾರಿಸಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ. ಪಾಠವಾದದ್ದು ನನಗೆ, ಶಾಲೆ ಬಿಟ್ಟವಳು ರೇಣುಕಾ ಅವರ ಮಗಳು.